ಗುಂಡಿನ ದಿಬ್ಬದ ಮಣ್ಣು: ಹಳೇ ಸೇನಾ ಶಿಬಿರವೊಂದು ಊರಿನ ಜಾಗವಾದ ಪ್ರಕರಣ

ಇದು ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣದ ಅಂಚಿನಲ್ಲಿ ನಡೆದದ್ದು. ಊರಿನ ಹೆಸರು, ಜನರ ಹೆಸರು ಇಲ್ಲಿ ಬರುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಯಾವಾಗ ಏನು ಗೊತ್ತಾಯಿತು, ಆಗ ಯಾರು ಏನು ತೀರ್ಮಾನ ಮಾಡಿದರು ಅನ್ನೋದನ್ನು ಮಾತ್ರ ನಡೆದ ಹಾಗೇ ಇಟ್ಟಿದ್ದೇನೆ. ನಾನು ಕಾಲೇಜಿನಲ್ಲಿ ಪರಿಸರ ಎಂಜಿನಿಯರಿಂಗ್ ಪಾಠ ಮಾಡುವವನು. ಮಣ್ಣಿನ ಪರೀಕ್ಷೆಗೆ ಸಲಹೆ ಬೇಕು ಅಂತ ಕರೆದಿದ್ದರು.

ಹಿನ್ನೆಲೆ

ನಮ್ಮ ಸೀಮೆಯಲ್ಲಿ ದಂಡು ಇಳಿದ ಜಾಗಗಳಿಗೆ ಬರವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಪಡೆ ಅಲ್ಲೇ ಬೀಡುಬಿಟ್ಟಿತ್ತು. ಜ್ವರದ ಕಾಟ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಹೋಯಿತು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನುವ ಹೆಸರಿದ್ದದ್ದು ಅಲ್ಲಿ ಬಿಡಾರ ಹೂಡಿದ್ದ ಫ್ರೆಂಚ್ ಸಿಪಾಯಿಗಳಿಂದ. 1918ರಲ್ಲಿ ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಕೇಳದವರು ಈ ಕಡೆ ಕಡಿಮೆ.

ಬಿಟ್ಟುಹೋದ ಶಿಬಿರ ಕಂಡರೆ ನಮಗೆ ಎರಡೇ ಯೋಚನೆ ಬರುತ್ತದೆ. ಒಂದೋ ಅದು ಸ್ಮಾರಕ, ಇಲ್ಲಾ ಖಾಲಿ ಜಾಗ. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ನೋಡಿ ಹೆಮ್ಮೆಪಡುವಂಥ ಕೆಲಸ ಅದು. ಕಲ್ಲು, ಗೋಡೆ ಉಳಿಸಲು ನಮಗೆ ಅಷ್ಟು ಕಾಳಜಿ ಇದೆ. ಆ ಗೋಡೆ ನಿಂತ ಮಣ್ಣಲ್ಲಿ ಏನಿದೆ ಅಂತ ಕೇಳುವ ರೂಢಿ ಮಾತ್ರ ಇನ್ನೂ ಬಂದಿಲ್ಲ.

ನಾನು ಹೇಳುತ್ತಿರುವ ಜಾಗ ಅಷ್ಟೇನೂ ಹಳೆಯದಲ್ಲ. ಸಂಸ್ಥಾನದ ಕಾಲದಲ್ಲಿ ಪಡೆಗಳ ತರಬೇತಿಗೆ ಶುರುವಾದ ಶಿಬಿರ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ತುಂಬಿ ತುಳುಕುತ್ತಿತ್ತಂತೆ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನದ ಪಡೆ ಭಾರತದ ಸೇನೆಗೆ ಸೇರಿತು, ಶಿಬಿರ ಖಾಲಿಯಾಯಿತು. ಆದರೆ ಅಲ್ಲಿ ಗುಂಡಿನ ಸದ್ದು ನಿಲ್ಲಲಿಲ್ಲ. ಪೊಲೀಸರು, ಗೃಹರಕ್ಷಕರು, ಎನ್‌ಸಿಸಿ ಹುಡುಗರು ವರ್ಷಗಟ್ಟಲೆ ಅಲ್ಲೇ ಗುರಿ ಕಲಿತರು. ಕೊನೆಗೆ ಅದೂ ನಿಂತಿತು.

ಉಳಿದದ್ದು ನಾಲ್ಕಾರು ಕಲ್ಲಿನ ಬ್ಯಾರಕ್ಕು, ಒಂದು ಪೆರೇಡ್ ಮೈದಾನ, ಲಾರಿಗಳ ರಿಪೇರಿ ನಡೆಯುತ್ತಿದ್ದ ಮೋಟಾರ್ ಶೆಡ್ಡು, ಕಿಟಕಿ ಇಲ್ಲದ ದಪ್ಪ ಗೋಡೆಯ ಮದ್ದಿನ ಕೋಣೆ. ಮೂಲೆಯಲ್ಲಿ ಫೈರಿಂಗ್ ರೇಂಜ್. ಅದರ ತುದಿಗೆ ಗುಂಡು ತಡೆಯಲು ಕಟ್ಟಿದ ಎತ್ತರದ ಮಣ್ಣಿನ ದಿಬ್ಬ. ಊರಿನವರು ಅದನ್ನು ಗುಂಡಿನ ದಿಬ್ಬ ಅಂತಲೇ ಕರೆಯುತ್ತಾರೆ. ಜಾಗದ ಪಕ್ಕಕ್ಕೇ ನಾಲೆ, ನಾಲೆಯಾಚೆ ಗದ್ದೆ, ಕಬ್ಬು.

ಜಾಗ ಪುರಸಭೆಯ ಕೈಗೆ ಬಂದಾಗ ಎಲ್ಲರಿಗೂ ಖುಷಿ. ಪಟ್ಟಣದ ಹತ್ತಿರ ಅಷ್ಟು ದೊಡ್ಡ ಸರ್ಕಾರಿ ಜಾಗ ಇನ್ನೆಲ್ಲಿ ಸಿಗುತ್ತೆ? ಮೊದಲ ನಕ್ಷೆಯಲ್ಲಿ ಬ್ಯಾರಕ್ಕುಗಳನ್ನು ಕೆಡವಿ ಕಚೇರಿ ಕಟ್ಟುವುದು, ಪೆರೇಡ್ ಮೈದಾನದಲ್ಲಿ ಕ್ರೀಡಾಂಗಣ, ರೇಂಜ್ ಇದ್ದ ಕಡೆ ಬಡವರಿಗೆ ನಿವೇಶನ ಅಂತ ಇತ್ತು. ದಿಬ್ಬ ಮಟ್ಟ ಮಾಡಿ ಅಲ್ಲೊಂದು ಮಕ್ಕಳ ಪಾರ್ಕು. ಎತ್ತರದ ಜಾಗ, ಗಾಳಿ ಚೆನ್ನಾಗಿ ಬರುತ್ತೆ ಅನ್ನೋದು ಕಾರಣ. ಮಣ್ಣು ಪರೀಕ್ಷೆ ಅಂದರೆ ಅಡಿಪಾಯಕ್ಕೆ ಮಣ್ಣು ಗಟ್ಟಿಯಿದೆಯಾ ಅಂತ ನೋಡುವುದು ಅಷ್ಟೇ ಆಗಿತ್ತು.

ಸಮಸ್ಯೆ ಕಣ್ಣಿಗೆ ಬಿದ್ದದ್ದು

ಜೆಸಿಬಿ ದಿಬ್ಬದ ಒಂದು ಪಕ್ಕ ಕೆಡವಿತು. ಗುಡ್ಡೆ ಬಿದ್ದ ಮಣ್ಣನ್ನು ಟ್ರ್ಯಾಕ್ಟರುಗಳು ಹೊತ್ತು ಹಾಕುತ್ತಿದ್ದವು. ಕೆಂಪು ಮಣ್ಣು, ಕಲ್ಲಿಲ್ಲ, ಬಿಟ್ಟಿ ಸಿಗುತ್ತೆ. ಬೇಕು ಅಂದವರಿಗೆಲ್ಲ ಕೊಟ್ಟರು. ಟ್ರ್ಯಾಕ್ಟರ್ ಓಡಿಸುತ್ತಿದ್ದ ಒಬ್ಬ ಹುಡುಗ ಟ್ರೇಲರ್ ಎತ್ತಿ ಮಣ್ಣು ಸುರಿದಾಗ ಕೆಳಗೆ ಬಿದ್ದದ್ದನ್ನು ನೋಡಿ ಕೆಲಸ ನಿಲ್ಲಿಸಿದ. ಮಣ್ಣಿನ ತುಂಬ ಹುಣಸೆ ಬೀಜ ಚೆಲ್ಲಿದ ಹಾಗೆ ಗುಂಡುಗಳು.

ಅವನು ಒಂದು ಹಿಡಿ ತಂದು ಎಂಜಿನಿಯರ್ ಮೇಜಿನ ಮೇಲೆ ಇಟ್ಟ. ಆ ಹಿಡಿಯನ್ನು ಆಮೇಲೆ ನಾನೂ ನೋಡಿದೆ. ಎರಡು ಥರದವು ಇದ್ದವು. ದೊಡ್ಡವು .303 ರೈಫಲ್ಲಿನವು. ಮೇಲೆ ತಾಮ್ರದ ಮಿಶ್ರಲೋಹದ ಹೊದಿಕೆ, ಒಳಗೆ ಸೀಸ. ಹೊದಿಕೆ ಹೂವಿನ ಹಾಗೆ ಬಿರಿದು ಸೀಸ ಹೊರಗೆ ಬಂದಿತ್ತು. ಚಿಕ್ಕವು ಎನ್‌ಸಿಸಿ ಮಕ್ಕಳು ಹಾರಿಸುವ .22 ಗುಂಡುಗಳು, ಹೆಚ್ಚುಕಡಿಮೆ ಪೂರ್ತಿ ಸೀಸವೇ. ಎರಡರ ಮೇಲೂ ಬೂದುಬಿಳಿ ಪುಡಿ ಕಟ್ಟಿತ್ತು. ಬೆರಳಲ್ಲಿ ಉಜ್ಜಿದರೆ ಸುಣ್ಣದ ಥರ ಅಂಟುತ್ತದೆ. ಗಾಳಿ, ನೀರು ತಾಗಿ ಸೀಸ ಕಾರ್ಬೊನೇಟ್ ಆದಾಗ ಹೀಗಾಗುತ್ತದೆ. ಅಂದರೆ ಗುಂಡು ಗುಂಡಾಗಿಯೇ ಉಳಿದಿಲ್ಲ, ಮಣ್ಣಿಗೆ ಇಳಿಯುತ್ತಾ ಇದೆ ಅಂತ ಅರ್ಥ.

ಲೆಕ್ಕ ಸರಳ. ಒಂದು .22 ಗುಂಡಿನ ತೂಕ ಸುಮಾರು 2.6 ಗ್ರಾಂ. ಮಕ್ಕಳು ಆಡುವ ಮಣ್ಣಿನಲ್ಲಿ ಸೀಸ ಕಿಲೋಗೆ 400 ಮಿಲಿಗ್ರಾಂ ದಾಟಬಾರದು ಅಂತ ಅಮೆರಿಕದ ಪರಿಸರ ಸಂಸ್ಥೆ ಆಗ ಹೇಳುತ್ತಿತ್ತು. ಒಂದೇ ಒಂದು ಗುಂಡು ಪೂರ್ತಿ ಪುಡಿಯಾಗಿ ಬೆರೆತರೆ ಆರೂವರೆ ಕಿಲೋ ಮಣ್ಣು ಆ ಮಟ್ಟಕ್ಕೆ ಬಂದುಬಿಡುತ್ತದೆ. ಇಲ್ಲಿ ದಶಕಗಟ್ಟಲೆ ಗುಂಡು ಬಿದ್ದಿದೆ. ಹಾಳಾಗದ ಮಣ್ಣಿನಲ್ಲಿ ಸೀಸ ಸಾಮಾನ್ಯವಾಗಿ ಕಿಲೋಗೆ 10ರಿಂದ 50 ಮಿಲಿಗ್ರಾಂ ಅಷ್ಟೇ ಇರುತ್ತದೆ.

ಪುರಸಭೆಯ ಮುಖ್ಯಾಧಿಕಾರಿ ಅವತ್ತೇ ಕೆಲಸ ನಿಲ್ಲಿಸಿದರು. ಈ ಪ್ರಕರಣದ ಮೊದಲ ದೊಡ್ಡ ತೀರ್ಮಾನ ಅದು, ಮತ್ತು ಸುಲಭದ್ದಲ್ಲ. ಗುತ್ತಿಗೆದಾರನ ಯಂತ್ರಗಳು ನಿಂತರೆ ದಿನದ ಬಾಡಿಗೆ ಏರುತ್ತದೆ. ನಿವೇಶನದ ಪಟ್ಟಿಯಲ್ಲಿ ಹೆಸರಿದ್ದವರು ಕಚೇರಿ ಮುಂದೆ ಬಂದು ಕೂತರು. ಊರಿನ ಹಿರಿಯರೊಬ್ಬರು ನನ್ನನ್ನೇ ಕೇಳಿದರು: "ಏನ್ ಮೇಷ್ಟ್ರೇ, ನಾವೆಲ್ಲ ಆ ದಿಬ್ಬದ ಮೇಲೇ ಆಡ್ಕೊಂಡು ಬೆಳೆದೋರು. ನಮಗೇನಾಗದೆ ಈಗ?" ಕೇಳುವುದರಲ್ಲಿ ತಪ್ಪೇನಿಲ್ಲ. ಸೀಸ ಕುಡಿದ ಕೂಡಲೇ ಕೊಲ್ಲುವ ವಿಷವಲ್ಲ. ಎಳೆ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಮೆಲ್ಲಗೆ ಕುಂಠಿಸುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಎಳೆ ಮಕ್ಕಳ ದೇಹ ಹೀರಿಕೊಳ್ಳುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ನೋಡಿ ಇದಕ್ಕೆ ದಿಬ್ಬದ ಮಣ್ಣು ಕಾರಣ ಅಂತ ಯಾರೂ ಹೇಳಲು ಆಗುವುದಿಲ್ಲ. ಹಾಗಾಗಿಯೇ ಇದು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

ಟ್ರಿಪ್ ಪುಸ್ತಕ

ದಿಬ್ಬ ಎಲ್ಲಿಗೂ ಓಡಿಹೋಗುವುದಿಲ್ಲ. ಅಲ್ಲಿಂದ ಆಗಲೇ ಹೊರಗೆ ಹೋದ ಮಣ್ಣು ನಮ್ಮ ನಿದ್ದೆ ಕೆಡಿಸಿತು. ಯಾರಿಗೆ ಎಷ್ಟು ಹೋಯಿತು ಅಂತ ಪುರಸಭೆಯ ಯಾವ ಕಡತದಲ್ಲೂ ಇರಲಿಲ್ಲ.

ದಾರಿ ಸಿಕ್ಕಿದ್ದು ಗುತ್ತಿಗೆದಾರನ ರೈಟರ್ ಹತ್ತಿರ. ಟ್ರ್ಯಾಕ್ಟರಿನವರಿಗೆ ಟ್ರಿಪ್ಪಿಗಿಷ್ಟು ಅಂತ ಕೂಲಿ. ಅದಕ್ಕೆ ಅವನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ದಿನ, ಟ್ರ್ಯಾಕ್ಟರ್, ಎಲ್ಲಿಗೆ ಅಂತ ಬರೆದಿಟ್ಟಿದ್ದ. ಪೆನ್ಸಿಲ್ ಬರಹ, ಅಲ್ಲಲ್ಲಿ ಎಣ್ಣೆ ಕಲೆ. "ನಾಲೆ ಏರಿ", "ಗುಡಿ ಹಿಂದೆ", "ಸ್ಕೂಲು", "ತೋಟ". ಆ ಪುಸ್ತಕ ಕೊಡಲು ಅವನಿಗೆ ಮೊದಲು ಭಯ ಇತ್ತು. ಕೇಸು ಹಾಕುತ್ತಾರೆ ಅಂದುಕೊಂಡಿದ್ದ. ಇದು ಯಾರನ್ನೋ ಹಿಡಿಯಲು ಅಲ್ಲ, ಮಣ್ಣು ಹಿಡಿಯಲು ಅಂತ ಮುಖ್ಯಾಧಿಕಾರಿ ಕೂರಿಸಿಕೊಂಡು ಹೇಳಿದ ಮೇಲೆ ಕೊಟ್ಟ. ಆವತ್ತು ಗದರಿಸಿದ್ದರೆ ಆ ಪುಸ್ತಕ ಅದೇ ರಾತ್ರಿ ಒಲೆಗೆ ಹೋಗಿರುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

"ಸ್ಕೂಲು" ಅನ್ನುವ ಸಾಲು ಓದಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲುತ್ತೆ ಅಂತ ಹತ್ತಿರದ ಪ್ರಾಥಮಿಕ ಶಾಲೆಯವರು ಮಣ್ಣು ಕೇಳಿದ್ದರು. ಅದು ಆಟದ ಬಯಲಿನಲ್ಲಿ ಹರಡಿ ಆಗಿತ್ತು. ಮಾರನೇ ದಿನವೇ ಬಯಲಿಗೆ ಹಗ್ಗ ಕಟ್ಟಿ, ಮಕ್ಕಳನ್ನು ಒಳಗೆ ಬಿಡಬೇಡಿ ಅಂದೆವು. ಬಿಸಿಯೂಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸುವುದನ್ನು ಮುಖ್ಯ ಶಿಕ್ಷಕಿ ತಾವೇ ನಿಂತು ನೋಡಿಕೊಂಡರು. ಪರೀಕ್ಷೆಯ ಫಲಿತಾಂಶ ಬರಲಿ ಅಂತ ಕಾಯಲಿಲ್ಲ. ಇಂಥ ಕಡೆ ಕಾಯಬಾರದು.

ಹುಡುಕಾಟ

ಶಿಬಿರದ ನಕ್ಷೆ ಯಾವ ಕಚೇರಿಯಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಒಬ್ಬ ನಿವೃತ್ತ ಹವಾಲ್ದಾರ್ ತಾತನ ತಲೆಯಲ್ಲಿ. ಕೋಲೂರಿಕೊಂಡು ಬಂದು ಜಾಗ ತೋರಿಸಿದರು: ಎಲ್ಲಿ ಮಲಗಿ ಗುಂಡು ಹೊಡೆಯುತ್ತಿದ್ದರು, ಎಷ್ಟು ಗಜ ದೂರ, ಎಲ್ಲಿ ಲಾರಿ ತೊಳೆಯುತ್ತಿದ್ದರು, ಕೆಟ್ಟ ಎಣ್ಣೆ ಎಲ್ಲಿ ಸುರಿಯುತ್ತಿದ್ದರು. "ಇಲ್ಲಿ ಬರೀ ರೈಫಲ್ ಕಣಪ್ಪ. ಬಾಂಬು ಗೀಂಬು ಹಾರಿಸಿದ್ದು ನಾ ಕಾಣೆ" ಅಂದರು. ಅವರು ನೋಡಿದ್ದು ಪೊಲೀಸರ ಕಾಲ ಮಾತ್ರ. ಯುದ್ಧದ ವರ್ಷಗಳಲ್ಲಿ ಏನೇನು ನಡೆಯಿತು ಅನ್ನುವುದಕ್ಕೆ ಸಾಕ್ಷಿ ಇಲ್ಲ. ಹಾಗಾಗಿ ಅಗೆಯುವ ಮೊದಲು ಪೊಲೀಸ್ ಬಾಂಬ್ ಪತ್ತೆ ದಳದವರನ್ನು ಕರೆಸಿ ಲೋಹಶೋಧಕ ಆಡಿಸಿದೆವು. ಮದ್ದಿನ ಕೋಣೆಯ ಹಿಂದೆ ತುಕ್ಕು ಹಿಡಿದ ಕಬ್ಬಿಣದ ಚಿಪ್ಪೊಂದು ಸಿಕ್ಕಿತು. ದಳದವರು ತೆಗೆದು ನೋಡಿ ಒಳಗೆ ಮದ್ದಿಲ್ಲ ಅಂದರು. ಆದರೂ ಕೂಲಿಯವರಿಗೆಲ್ಲ ಒಂದೇ ಮಾತು ಹೇಳಿಟ್ಟೆವು: ಗೊತ್ತಿಲ್ಲದ ಕಬ್ಬಿಣ ಕಂಡರೆ ಮುಟ್ಟಬೇಡಿ, ದೂರ ಹೋಗಿ, 112ಕ್ಕೆ ಫೋನ್ ಮಾಡಿ.

ಸುಣ್ಣದ ಪುಡಿಯಲ್ಲಿ ಚೌಕ ಹಾಕಿ ಮಣ್ಣು ತೆಗೆದೆವು. ಮೊದಲು ಮೇಲಿನ ಒಂದಂಗುಲ, ಆಮೇಲೆ ಅರ್ಧ ಅಡಿ, ಆಮೇಲೆ ಒಂದಡಿ ಆಳದ್ದು. ಸೀಸ ಎಲ್ಲಿ ಇರಬಹುದು ಅಂತ ಊಹಿಸಿದ್ದೆವೋ ಅಲ್ಲೆಲ್ಲ ಇತ್ತು. ದಿಬ್ಬದ ಎದುರು ಮುಖದಲ್ಲಿ ಮಿತಿಗಿಂತ ಹಲವು ಪಟ್ಟು. ಗುಂಡು ಹೊಡೆಯಲು ನಿಲ್ಲುತ್ತಿದ್ದ ಜಾಗದಲ್ಲೂ ಸ್ವಲ್ಪ ಇತ್ತು. ಯಾಕೆಂದರೆ ಗುಂಡು ಸಿಡಿಸುವ ಪ್ರೈಮರ್‌ನಲ್ಲೂ ಸೀಸದ ಸಂಯುಕ್ತ ಇರುತ್ತದೆ. ಒಳ್ಳೆಯ ಸುದ್ದಿ ಅಂದರೆ ಸೀಸ ಆಳಕ್ಕೆ ಇಳಿದಿರಲಿಲ್ಲ. ಹುಳಿಯಿಲ್ಲದ ಜಿಗುಟು ಮಣ್ಣು ಅದನ್ನು ಮೇಲೇ ಹಿಡಿದಿಟ್ಟಿತ್ತು. ಬೋರ್‌ವೆಲ್ ನೀರಲ್ಲಿ ಸೀಸ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 0.01 ಮಿಲಿಗ್ರಾಂ ಒಳಗೇ ಇತ್ತು. ಪೆರೇಡ್ ಮೈದಾನ ಪೂರ್ತಿ ಚೊಕ್ಕಟ. ಶಾಲೆಯ ಬಯಲು, ಗುಡಿ ಹಿಂದಿನ ಜಾಗ ಎರಡೂ ಮಿತಿ ಮೀರಿದ್ದವು.

ಆಮೇಲೆ ರಕ್ತ ಪರೀಕ್ಷೆ. ಶಾಲೆಯ ಮಕ್ಕಳದ್ದು ಮತ್ತು ದಿಬ್ಬದ ಹತ್ತಿರದ ಬೀದಿಯ ಮಕ್ಕಳದ್ದು. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮುಟ್ಟಿದರೆ ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಬೇಕು ಅನ್ನುವುದು 2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಶಾಲೆಗೆ ಮಣ್ಣು ಬಂದು ಜಾಸ್ತಿ ದಿನ ಆಗಿರಲಿಲ್ಲ, ಹೆಚ್ಚಿನ ಮಕ್ಕಳು ಆ ಮಟ್ಟದ ಕೆಳಗೇ ಇದ್ದರು. ಆದರೆ ಎಲ್ಲರಿಗಿಂತ ಜಾಸ್ತಿ ಬಂದದ್ದು ಒಂದೇ ಮನೆಯ ಅಕ್ಕ ತಮ್ಮನಿಗೆ. ಅವರು ಆ ಶಾಲೆಯವರೇ ಅಲ್ಲ, ಮಣ್ಣು ಹೋದ ಕಡೆ ವಾಸವೂ ಅಲ್ಲ.

ಆರೋಗ್ಯ ಇಲಾಖೆಯ ನರ್ಸಮ್ಮ ಆ ಮನೆಗೆ ಹೋದರು. ಬಲೆ ಬೀಸಿ ಮೀನು ಹಿಡಿಯುವ ಮನೆ. ಬೀಸುಬಲೆಯ ಅಂಚಿಗೆ ಸೀಸದ ಗುಂಡು ಬೇಕು, ಇಲ್ಲದಿದ್ದರೆ ಬಲೆ ಮುಳುಗುವುದಿಲ್ಲ. ಅಂಗಡಿಯಲ್ಲಿ ಕೊಂಡರೆ ದುಡ್ಡು. ದಿಬ್ಬದಲ್ಲಿ ಕೆದಕಿದರೆ ಬಿಟ್ಟಿ. ಹುಡುಗರು ಹೆಕ್ಕಿ ತರುತ್ತಿದ್ದರು. ಅಜ್ಜಿ ಅದನ್ನು ಅಡುಗೆ ಒಲೆಯ ಮೇಲೆ ಹಳೇ ಕಬ್ಬಿಣದ ಸೌಟಿನಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಸೀಸ 327 ಡಿಗ್ರಿಗೆ ಕರಗುತ್ತದೆ, ಸೌದೆ ಒಲೆಗೆ ಅದು ಏನೂ ಅಲ್ಲ. ಹೊಗೆ, ಕಿಟ್ಟ, ಪುಡಿ ಎಲ್ಲ ಅದೇ ಅಡುಗೆಮನೆಯಲ್ಲಿ. ಮಕ್ಕಳು ಊಟ ಮಾಡುತ್ತಿದ್ದದ್ದೂ ಅಲ್ಲೇ. ಉಳಿದ ಗುಂಡು ಗುಜರಿ ಅಂಗಡಿಗೆ ಹೋಗುತ್ತಿತ್ತು. ವಿಚಾರಿಸಿದರೆ ಆ ಬೀದಿಯಲ್ಲಿ ಅಂಥ ಮನೆ ಅದೊಂದೇ ಅಲ್ಲ.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ನಾವು ಮಣ್ಣು ನೋಡುತ್ತಿದ್ದೆವು. ಆ ಜಾಗದಿಂದ ಜನ ಏನು ತಗೊಂಡು ಹೋಗುತ್ತಾರೆ ಅನ್ನುವುದು ಯಾವ ಚೌಕದಲ್ಲೂ ಇರಲಿಲ್ಲ. ಬೇಲಿ ಹಾಕಿ ದಿಬ್ಬ ಮುಚ್ಚಿದ್ದರೂ ಆ ಒಲೆಗಳು ಉರಿಯುತ್ತಲೇ ಇರುತ್ತಿದ್ದವು. ಪುರಸಭೆ ಮನೆಮನೆಗೆ ಆಶಾ ಕಾರ್ಯಕರ್ತೆಯರನ್ನು ಕಳಿಸಿತು. ಬೈಯಲಿಲ್ಲ. ಮನೆಯಲ್ಲಿದ್ದ ಗುಂಡು, ಸೀಸದ ತುಂಡು, ಆ ಸೌಟು ಎಲ್ಲ ತಂದುಕೊಟ್ಟರೆ ಬಲೆಗೆ ಬೇಕಾದ ಸಿದ್ಧ ಗುಂಡುಗಳನ್ನು ಬದಲಿಗೆ ಕೊಟ್ಟರು. ಅಡುಗೆಮನೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿಕೊಟ್ಟರು. ಮಕ್ಕಳಿಗೆ ಕಬ್ಬಿಣಾಂಶದ ಮಾತ್ರೆ, ಊಟದಲ್ಲಿ ರಾಗಿ, ಸೊಪ್ಪು. ಕಬ್ಬಿಣ, ಕ್ಯಾಲ್ಸಿಯಂ ಸಾಕಷ್ಟು ಇದ್ದರೆ ದೇಹ ಸೀಸ ಹೀರುವುದು ಕಡಿಮೆಯಾಗುತ್ತದೆ. ಸೀಸ ಹೊರತೆಗೆಯುವ ಔಷಧಿ ಸಾಮಾನ್ಯವಾಗಿ 45 ಮೈಕ್ರೊಗ್ರಾಂ ಮುಟ್ಟಿದವರಿಗೆ ಕೊಡುತ್ತಾರೆ. ಈ ಮಕ್ಕಳು ಅಲ್ಲಿಗೆ ಹೋಗಿರಲಿಲ್ಲ.

ಎಷ್ಟು ಚೊಕ್ಕಟ ಮಾಡಬೇಕು?

ಆಗ ನಮ್ಮ ದೇಶದಲ್ಲಿ ಕೆಟ್ಟುಹೋದ ಜಾಗಗಳಿಗೇ ಅಂತ ಬೇರೆ ನಿಯಮ ಇರಲಿಲ್ಲ. ಅದು ಬಂದದ್ದು 2025ರ ಜುಲೈನಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ. ನಮ್ಮ ಕೈಯಲ್ಲಿದ್ದದ್ದು 2016ರ ಅಪಾಯಕಾರಿ ತ್ಯಾಜ್ಯ ನಿಯಮ. ಯಾವ ಮಣ್ಣು ಅಪಾಯಕಾರಿ ತ್ಯಾಜ್ಯ ಅಂತ ಅದು ಹೇಳುತ್ತದೆ. ಮಕ್ಕಳು ಆಡುವ ಬಯಲಿನಲ್ಲಿ ಸೀಸ ಎಷ್ಟಿರಬಹುದು ಅಂತ ಹೇಳುವುದಿಲ್ಲ. ಹಾಗಾಗಿ ಹೊರಗಿನ ಮಿತಿಗಳನ್ನು ಮುಂದಿಟ್ಟುಕೊಂಡು ಕೂತೆವು. ಅಮೆರಿಕದ ಕೇಂದ್ರ ಸಂಸ್ಥೆ ಕಿಲೋಗೆ 400 ಮಿಲಿಗ್ರಾಂ ಅನ್ನುತ್ತಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಮನೆಗಳ ಜಾಗಕ್ಕೆ 80 ಅನ್ನುತ್ತಿತ್ತು. ಎಲ್ಲ ಕಡೆ 80ಕ್ಕೆ ಇಳಿಸಲು ಪುರಸಭೆ ಹತ್ತಿರ ಹಣ ಇಲ್ಲ. ಎಲ್ಲ ಕಡೆ 400 ಸಾಕು ಅನ್ನಲು ನನಗೆ ಮನಸ್ಸು ಬರಲಿಲ್ಲ. ಕೊನೆಗೆ ಶಾಲೆಗೆ 80, ಶಿಬಿರದ ಒಳಗೆ ದೊಡ್ಡವರು ಓಡಾಡುವ ಕಡೆ 400 ಅಂತ ಒಪ್ಪಿದೆವು.

ಹಾಗೆ ಒಪ್ಪಿದ ಕೂಡಲೇ ನಕ್ಷೆಯೇ ಬದಲಾಗಬೇಕಾಯಿತು. ದಿಬ್ಬದ ಜಾಗದಲ್ಲಿ ಮಕ್ಕಳ ಪಾರ್ಕು ಮಾಡಬೇಕಾದರೆ ಅಲ್ಲಿನ ಮಣ್ಣೆಲ್ಲ ಹೊರಗೆ ಹೋಗಬೇಕು. ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಟಿಪ್ಪರ್ ಗಟ್ಟಲೆ ಕಳಿಸುವ ಖರ್ಚು ಕೇಳಿಯೇ ಎಲ್ಲರೂ ಸುಮ್ಮನಾದರು. ಪಾರ್ಕನ್ನು ಪೆರೇಡ್ ಮೈದಾನದ ಮೂಲೆಗೆ ತಂದರೆ? ಅಲ್ಲಿ ಏನೂ ತೆಗೆಯಬೇಕಾಗಿಯೇ ಇಲ್ಲ. ಇಷ್ಟು ಸರಳ ಮಾತು ಅಲ್ವಾ? ಆದರೆ ಇದು ಬರಲು ಬಹಳ ಸಭೆಗಳು ಹಿಡಿದವು. ಯಾಕೆಂದರೆ ನಕ್ಷೆ ಆಗಲೇ ಬಣ್ಣ ಬಳಿದು ಫ್ಲೆಕ್ಸ್ ಆಗಿ ಊರ ಬಾಗಿಲಲ್ಲಿ ನಿಂತಿತ್ತು. ಕ್ಯಾಲಿಫೋರ್ನಿಯಾದಲ್ಲೇ 1994ರಲ್ಲಿ ಮುಚ್ಚಿದ ಫೋರ್ಟ್ ಆರ್ಡ್ ಅನ್ನುವ ದೊಡ್ಡ ಸೇನಾ ನೆಲೆಯ ಉದಾಹರಣೆ ಸಭೆಯಲ್ಲಿ ತೋರಿಸಿದೆ. ಅಲ್ಲಿ ಒಂದು ಭಾಗ ಮರುವರ್ಷವೇ ವಿಶ್ವವಿದ್ಯಾಲಯ ಆಯಿತು. ಸಮುದ್ರದಂಡೆಯ ಫೈರಿಂಗ್ ರೇಂಜುಗಳ ಮರಳಿನಿಂದ ಸೀಸ ತೆಗೆದ ಮೇಲೆ ಆ ಭಾಗ ಉದ್ಯಾನವಾಯಿತು. ಒಂದೇ ನೆಲೆ, ತುಂಡು ತುಂಡಿಗೆ ಬೇರೆ ಬೇರೆ ಗತಿ. ಆ ಮಾತು ಸದಸ್ಯರಿಗೆ ಹಿಡಿಸಿತು.

ನಡೆದ ಕೆಲಸ

ಮೋಟಾರ್ ಶೆಡ್ಡಿನದು ಸುಲಭವಾಯಿತು. ಎಣ್ಣೆ ಕುಡಿದ ಮಣ್ಣನ್ನು ಅಗೆದು ದಪ್ಪ ಟಾರ್ಪಾಲಿನ ಮೇಲೆ ಹರಡಿ, ಸಗಣಿ ಗೊಬ್ಬರ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿ (ಪ್ರೆಸ್‌ಮಡ್), ಕಬ್ಬಿನ ತರಗು ಬೆರೆಸಿ, ನೀರು ಚಿಮುಕಿಸಿ ಆಗಾಗ ಮೊಗಚಿದರು. ಗಾಳಿ, ತೇವ, ಸಾರಜನಕ ಸಿಕ್ಕರೆ ಸೂಕ್ಷ್ಮಜೀವಿಗಳು ಎಣ್ಣೆ ತಿಂದು ಮುಗಿಸುತ್ತವೆ. ಮಂಡ್ಯದಲ್ಲಿ ಇವಕ್ಕೆಲ್ಲ ಕೊರತೆಯೇ? ಬ್ಯಾರಕ್ಕಿನ ಮೇಲೆ ಆಮೇಲಿನ ಕಾಲದಲ್ಲಿ ಹಾಕಿದ್ದ ಆಸ್ಬೆಸ್ಟಾಸ್ ಶೀಟುಗಳನ್ನು ಒಡೆಯದೆ, ನೀರು ಹಾಕಿ ಒದ್ದೆ ಮಾಡಿ, ಇಡಿಯಾಗಿ ಇಳಿಸಿದರು.

ಸೀಸ ಹಾಗಲ್ಲ. ಅದು ಮೂಲಧಾತು. ಕೊಳೆಯುವುದಿಲ್ಲ, ಸುಟ್ಟರೆ ಹೋಗುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆ ಇಡಬಹುದು, ಅಥವಾ ಅಲ್ಲಾಡದ ಹಾಗೆ ಕಟ್ಟಿಹಾಕಬಹುದು, ಅಷ್ಟೇ. ಮೊದಲು ದಿಬ್ಬದ ಮಣ್ಣನ್ನು ಜರಡಿ ಹಿಡಿದು ಗುಂಡು ಬೇರೆ ಮಾಡಿದರು. ಆ ಗುಂಡುಗಳನ್ನು ಪರವಾನಗಿ ಇರುವ ಸೀಸ ಮರುಬಳಕೆ ಘಟಕಕ್ಕೆ ಕೊಟ್ಟರು, ಗುಜರಿಗೆ ಅಲ್ಲ. ಧೂಳು ಏಳದ ಹಾಗೆ ಮಣ್ಣು ಸದಾ ತೇವವಾಗಿರಬೇಕು. ಜರಡಿಯವರಿಗೆ ಮಾಸ್ಕು, ಕೈಗವಸು, ಅಲ್ಲೇ ಕಳಚಿಡುವ ಬಟ್ಟೆ, ಊಟಕ್ಕೆ ಮೊದಲು ಸ್ನಾನದ ವ್ಯವಸ್ಥೆ. ಸೀಸ ಬಸುರಿಯ ಹೊಟ್ಟೆಯ ಕೂಸನ್ನೂ ತಲುಪುತ್ತದೆ. ಬಸುರಿಯರು, ಹಾಲೂಡಿಸುವ ತಾಯಂದಿರು ಈ ಕೆಲಸಕ್ಕೆ ಬೇಡ ಅಂದೆವು. ಬೇಡ ಅಂತ ಹೇಳಿ ಕೈತೊಳೆದುಕೊಂಡರೆ ಅವರ ಕೂಲಿ ಹೋಗುತ್ತದೆ, ನಾಳೆಯಿಂದ ಯಾರೂ ಬಸುರಿ ಅಂತ ಬಾಯಿ ಬಿಡುವುದಿಲ್ಲ. ಅದೇ ಕೂಲಿಗೆ ಅವರನ್ನು ಬ್ಯಾರಕ್ ದುರಸ್ತಿಗೆ ಹಾಕಿದರು. ಈ ಸಲಹೆ ಕೊಟ್ಟದ್ದು ಕೂಲಿ ಹೆಂಗಸರ ಮೇಸ್ತ್ರಿಯೇ.

ಗುಂಡು ತೆಗೆದ ಮೇಲೂ ಸಣ್ಣ ಪುಡಿಯಲ್ಲಿ ಸೀಸ ಉಳಿದಿತ್ತು. ಅದಕ್ಕೆ ರಾಕ್ ಫಾಸ್ಫೇಟ್ ಬೆರೆಸಿದೆವು. ಫಾಸ್ಫೇಟ್ ಸಿಕ್ಕರೆ ಸೀಸ ಪೈರೊಮಾರ್ಫೈಟ್ ಅನ್ನುವ ಖನಿಜವಾಗುತ್ತದೆ, ಅದು ನೀರಿಗೆ ಕರಗುವುದು ತೀರಾ ಕಡಿಮೆ. ಸೂಪರ್ ಫಾಸ್ಫೇಟ್ ಬೇಗ ಕೆಲಸ ಮಾಡುತ್ತೆ, ಆದರೆ ಹುಳಿ ಗುಣದ್ದು. ಮಳೆಯಲ್ಲಿ ತೊಳೆದು ನಾಲೆಗೆ ಹೋದರೆ ಪಾಚಿ, ಕಳೆ ಮೇಲೇಳುತ್ತದೆ ಅಂತ ಅದನ್ನು ಬಿಟ್ಟೆವು. ಆಮೇಲೆ ಪ್ರತಿ ಗುಡ್ಡೆಗೂ ಸೋರಿಕೆ ಪರೀಕ್ಷೆ, ಅಂದರೆ ಮಣ್ಣಿನಿಂದ ದ್ರಾವಣಕ್ಕೆ ಎಷ್ಟು ಸೀಸ ಇಳಿಯುತ್ತದೆ ಅಂತ ನೋಡುವುದು. ಲೀಟರಿಗೆ 5 ಮಿಲಿಗ್ರಾಂ ದಾಟಿದ ಗುಡ್ಡೆ ದಾಬಸ್‌ಪೇಟೆಗೆ, ದಾಟದ್ದು ಶಿಬಿರದೊಳಗೇ. ಹೀಗೆ ಮಾಡಿದ್ದರಿಂದ ಹೊರಗೆ ಹೋಗಬೇಕಾದ ಮಣ್ಣು ತುಂಬ ಕಡಿಮೆಯಾಯಿತು.

ಉಳಿದದ್ದನ್ನು ನಾಲೆಯಿಂದ ದೂರದ ಎತ್ತರದ ಜಾಗದಲ್ಲಿ, ಕೆಳಗೆ ಕುಟ್ಟಿದ ಜೇಡಿಮಣ್ಣು ಹಾಕಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡಡಿ ಒಳ್ಳೆಯ ಮಣ್ಣು, ಹುಲ್ಲು. ಇಲ್ಲಿ ಒಂದು ಜಗಳ ಆಯಿತು. ಊರಿನವರಿಗೆ ಅದರ ಮೇಲೆ ಹೊಂಗೆ, ಬೇವು ನೆಡುವ ಆಸೆ. ಬೇರು ಹಾಳೆ ಸೀಳುತ್ತದೆ ಅಂತ ನಾವು ಬೇಡ ಅಂದೆವು. ಮರಗಳು ಪೆರೇಡ್ ಮೈದಾನದ ಸುತ್ತ ಹೋದವು. ಈ ಹೊಸ ದಿಬ್ಬದ ಮೇಲೆ ಅಗೆಯಬಾರದು, ಬೋರ್ ಕೊರೆಯಬಾರದು ಅನ್ನುವ ಷರತ್ತನ್ನು ಪಹಣಿಯ 11ನೇ ಕಾಲಂನಲ್ಲಿ ಬರೆಸಿದರು. ಅಧಿಕಾರಿಗಳು ವರ್ಗವಾಗುತ್ತಾರೆ, ಸದಸ್ಯರು ಬದಲಾಗುತ್ತಾರೆ, ಪಹಣಿ ಉಳಿಯುತ್ತದೆ.

ಶಾಲೆಯ ಬಯಲಿನಿಂದ ಹೊಸ ಮಣ್ಣಷ್ಟೇ ಅಲ್ಲ, ಅದರ ಕೆಳಗಿನ ಒಂದು ಪದರವನ್ನೂ ಕೆರೆದು ತೆಗೆದರು. ಮತ್ತೆ ಪರೀಕ್ಷೆ ಮಾಡಿ 80ರ ಒಳಗೆ ಬಂದ ಮೇಲೇ ಹಗ್ಗ ಬಿಚ್ಚಿದ್ದು.

ಫಲಿತಾಂಶ, ಮತ್ತು ಅದರಿಂದ ಕಂಡದ್ದು

ಈಗ ಕಲ್ಲಿನ ಬ್ಯಾರಕ್ಕುಗಳು ನಿಂತಿವೆ. ಎರಡರಲ್ಲಿ ಗ್ರಂಥಾಲಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೊಠಡಿ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಹುಡುಗಿಯರು ಬ್ಯಾಗು ಇಟ್ಟು ಜಾಗ ಹಿಡಿಯುತ್ತಾರೆ. ಪೆರೇಡ್ ಮೈದಾನದಲ್ಲಿ ಕಬಡ್ಡಿ, ವಾಕಿಂಗ್. ರೇಂಜ್ ಇದ್ದ ನೆಲ ಕಾಂಕ್ರೀಟ್ ಹಾಕಿದ ಸಂತೆ ಕಟ್ಟೆ ಮತ್ತು ಪಾರ್ಕಿಂಗ್. ಆ ಅಕ್ಕ ತಮ್ಮನ ರಕ್ತದಲ್ಲಿ ಸೀಸ ಪ್ರತಿ ಪರೀಕ್ಷೆಯಲ್ಲೂ ಇಳಿಯುತ್ತಾ ಬಂತು. ಮೂಳೆಯಲ್ಲಿ ಕೂತ ಸೀಸ ಹೊರಗೆ ಬರಲು ವರ್ಷಗಳೇ ಬೇಕು, ಹಾಗಾಗಿ ಅವರ ತಪಾಸಣೆ ನಿಂತಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿಲ್ಲ. ರೇಂಜ್ ಕಡೆ ನಿವೇಶನ ಕೈಬಿಟ್ಟದ್ದರಿಂದ ಪಟ್ಟಿಯಲ್ಲಿದ್ದ ಕುಟುಂಬಗಳಿಗೆ ಪೆರೇಡ್ ಮೈದಾನದ ಪಕ್ಕದ ಚಿಕ್ಕ ತುಂಡು ಮಾತ್ರ ಸಿಕ್ಕಿತು. ಕೆಲವರಿಗೆ ಸೈಟು ಆಯಿತು, ಉಳಿದವರು ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ. ಮಣ್ಣು ಕೆಡಿಸಿದವರು ಅವರಲ್ಲ, ಆದರೆ ಕಳೆದುಕೊಂಡವರು ಅವರು. ನಿವೇಶನದ ಆಸೆ ಹುಟ್ಟಿಸುವ ಮೊದಲೇ ಮಣ್ಣು ನೋಡಿದ್ದರೆ ಈ ನೋವು ತಪ್ಪುತ್ತಿತ್ತು. ಇನ್ನೊಂದು ಊರಿನವರು ಇದನ್ನು ಓದಿ ಒಂದೇ ಒಂದು ಕೆಲಸ ಮಾಡುವುದಾದರೆ ಅದು ಇದಾಗಲಿ: ಜೆಸಿಬಿಗೂ ಮೊದಲು, ಫ್ಲೆಕ್ಸಿಗೂ ಮೊದಲು, ಮಣ್ಣಿನ ಪರೀಕ್ಷೆ. ಅದಕ್ಕೆ ತಗುಲಿದ್ದು ಆಮೇಲೆ ಸುರಿದ ಹಣದ ಎದುರು ಏನೇನೂ ಅಲ್ಲ.

ಮಿತಿಯ ವಿಷಯದಲ್ಲೂ ಒಂದು ಬೆಳವಣಿಗೆ ಆಯಿತು. 2024ರ ಜನವರಿಯಲ್ಲಿ ಅಮೆರಿಕದ ಸಂಸ್ಥೆ ತನ್ನ 400ನ್ನು 200ಕ್ಕೆ ಇಳಿಸಿತು. ಶಾಲೆಗೆ ನಾವು ಹಿಡಿದಿದ್ದ 80 ಆಗ ಅತಿಯಾಯಿತು ಅಂದವರು ಇದ್ದರು, ಈಗ ಅವರೇ ಒಳ್ಳೆಯದಾಯಿತು ಅನ್ನುತ್ತಾರೆ. ಆದರೆ ಸಂತೆ ಕಟ್ಟೆಯ ಹಿಂದಿನ ಕಾಲುದಾರಿಯ ಒಂದು ಪಟ್ಟಿ 400ರಲ್ಲಿ ಪಾಸಾಗಿ 200ರಲ್ಲಿ ಫೇಲಾಯಿತು. ಸಂತೆಗೆ ಬಂದ ತಾಯಂದಿರ ಜೊತೆ ಮಕ್ಕಳು ಆಡುವುದು ಅಲ್ಲೇ. ಅದರ ಮೇಲೆ ಮತ್ತೆ ಮಣ್ಣು ಹಾಕಿ ಕಲ್ಲು ಹಾಸಬೇಕಾಯಿತು. ಇವತ್ತಿನ ಮಿತಿಗೆ ಸರಿಯಾಗಿ ತಂದು ನಿಲ್ಲಿಸಿದರೆ ನಾಳೆ ಮತ್ತೆ ಅಗೆಯಬೇಕಾಗುತ್ತದೆ, ಅದೂ ಜನ ಓಡಾಡಲು ಶುರು ಮಾಡಿದ ಮೇಲೆ.

ಮಳೆಗಾಲಕ್ಕೆ ಮೊದಲು ಮತ್ತು ಆಮೇಲೆ ಬೋರ್‌ವೆಲ್ ನೀರಿನ ಪರೀಕ್ಷೆ, ಹೊಸ ದಿಬ್ಬದ ಮೇಲೆ ಹೆಗ್ಗಣದ ಬಿಲ ಇದೆಯಾ ಅಂತ ನೋಡುವುದು, ಇವೆರಡಕ್ಕೂ ಪುರಸಭೆ ಬಜೆಟ್ಟಿನಲ್ಲಿ ಹಣ ಇಟ್ಟಿದೆ. ಟ್ರಿಪ್ ಪುಸ್ತಕದ ಸಾಲುಗಳಲ್ಲಿ ಸ್ಕೂಲು, ಗುಡಿ, ನಾಲೆ ಏರಿ ಎಲ್ಲದರ ಮಣ್ಣೂ ವಾಪಸ್ ಬಂತು. "ತೋಟ" ಅಂತ ಬರೆದ ಎರಡು ಟ್ರಿಪ್ಪುಗಳದು ಮಾತ್ರ ಪತ್ತೆಯಾಗಿಲ್ಲ. ಯಾರ ತೋಟ ಅಂತ ರೈಟರ್‌ಗೂ ನೆನಪಿಲ್ಲ, ಆ ಟ್ರ್ಯಾಕ್ಟರ್ ಮಾರಾಟವಾಗಿ ಹೋಗಿದೆ. ಮಣ್ಣಲ್ಲಿ ಗುಂಡು ಕಂಡವರು ತಿಳಿಸಿ, ಪರೀಕ್ಷೆಯೂ ಬಿಟ್ಟಿ, ಮಣ್ಣು ತೆಗೆಯುವುದೂ ಬಿಟ್ಟಿ ಅಂತ ಹಾಲಿನ ಡೈರಿ, ಗೊಬ್ಬರದ ಅಂಗಡಿಗಳಲ್ಲಿ ಚೀಟಿ ಅಂಟಿಸಿದ್ದಾರೆ. ಹುಡುಕಾಟ ಇನ್ನೂ ನಡೆಯುತ್ತಿದೆ.